ದಕ್ಷಿಣಕ್ಕೆ ಮುಖ ಮಾಡಿದ ಬಂಡೆ

"ಹನ್ನೊಂದು ಗಂಟೆ ಅನ್ನೋ ಹೊತ್ತಿಗೆ ಬಿಸಿಲು ಬಂದ್ಬಿಡತ್ತೆ," ಎಂದ ಗ್ಯಾರೆತ್, ಗಡಿಯಾರ ನೋಡಿಕೊಂಡು.

"ಬರ್ಲಿ ಬಿಡು ತಮ್ಮಾ. ಬಿಸಿಲಿಗೂ ಅದರದೇ ಕೆಲಸ ಇರತ್ತೆ," ಎಂದ ಕ್ಲೆಮ್.

ಹತ್ತಕ್ಕೆ ಎಂಟು ನಿಮಿಷವಿತ್ತು. ಟಿನ್‌ಕಪ್ ಬಂಡೆಯ ಬುಡದಲ್ಲಿ ನಾಲ್ವರೂ ಕಲ್ಲಿಗೆ ಬೆನ್ನು ಕೊಟ್ಟು ಸಾಲಾಗಿ ಕೂತಿದ್ದರು. ಜುಲೈ, ಆ ದೇಶದಲ್ಲಿ ನಡುಚಳಿಗಾಲ. ಟೆಂಟುಗಳ ಮೇಲೆ ಹೆಪ್ಪುಗಟ್ಟಿದ ಇಬ್ಬನಿ ಇನ್ನೂ ಕರಗಿರಲಿಲ್ಲ; ಕ್ಲೆಮ್‌ನ ನೀರಿನ ಬಾಟಲಿ ಅಲುಗಿಸಿದರೆ ಒಳಗಿನಿಂದ ಗಾಜಿನ ಚೂರುಗಳ ಸದ್ದು ಬರುತ್ತಿತ್ತು. ಎದುರಿಗೆ ಇನ್ನೂರು ಹೆಜ್ಜೆಯಾಚೆ ಬಂಡೆಯ ನೆರಳು ಗೆರೆ ಎಳೆದ ಹಾಗೆ ಮುಗಿದು, ಅಲ್ಲಿಂದ ಮುಂದಕ್ಕೆ ಫ್ಲಿಂಡರ್ಸ್ ಬಯಲೆಲ್ಲ ಬಿಸಿಲೋ ಬಿಸಿಲು. ಆ ಬಿಸಿಲಿನಲ್ಲಿ ಎರಡು ಕಾಂಗರೂಗಳು ಮಗ್ಗುಲಾಗಿ ಮಲಗಿ, ಮೊಣಕೈ ಊರಿಕೊಂಡು, ನೆರಳಿನಲ್ಲಿ ಕೂತಿದ್ದ ಈ ನಾಲ್ಕು ಜನರನ್ನು ನೋಡುತ್ತಿದ್ದವು. ಅವಕ್ಕೆ ಅರ್ಥವಾಗಿದ್ದದ್ದು ಗ್ಯಾರೆತ್‌ಗೆ ಇನ್ನೂ ಆಗಿರಲಿಲ್ಲ.

"ಎಂಟೂವರೆಗೆ ಆ ಪೊದೆ ಆಚೆ ಇತ್ತು. ಈಗ ಪೊದೆ ಈಚೆಗೆ ಬಂದಿದೆ," ಎಂದ. ಬಿಸಿಲು ಮುಟ್ಟಿದ ಜಾಗದಲ್ಲಿ ಅರ್ಧ ಗಂಟೆಗೊಂದರಂತೆ ಕಲ್ಲು ಇಟ್ಟು ಬರುತ್ತಿದ್ದ. ಅಡಿಲೇಡಿನ ನೀರಿನ ಇಲಾಖೆಯಲ್ಲಿ ಮಳೆ ಅಳೆಯುವುದು ಅವನ ಉದ್ಯೋಗ. ಅಳತೆ ಇಲ್ಲದ ಕಡೆ ಅವನ ಕೈ ಸುಮ್ಮನಿರುತ್ತಿರಲಿಲ್ಲ.

"ಹೌದ್ಹೌದು, ಒಳ್ಳೆ ವೇಗದಲ್ಲೇ ಬರ್ತಾ ಇದೆ," ಎಂದಳು ನೋಲೀನ್, ಹಾಕಿದ್ದ ಕೈಗವಸಿನ ಮೇಲೆ ಇನ್ನೊಂದು ಕೈಗವಸು ಎಳೆದುಕೊಳ್ಳುತ್ತ. "ಜಾಗ ಮಾತ್ರ ತುಂಬಾ ಚೆನ್ನಾಗಿದೆ ಗ್ಯಾರೆತ್. ತಂಪಾಗಿ."

"ಸೆಕೆ ಅನ್ನೋ ಮಾತೇ ಇಲ್ಲ," ಎಂದ ಕ್ಲೆಮ್.

ಸಾಲಿನ ಕೊನೆಯಲ್ಲಿದ್ದ ಐಲ್ಸಾ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ತಲೆಯೆತ್ತಿ ಬಂಡೆಯನ್ನು ನೋಡುತ್ತಿದ್ದಳು.

ಹೀಗೆ ಹೊಗಳುವುದು ಅವರ ಒಳ್ಳೆಯತನವಲ್ಲ, ಕಾನೂನು. ಕ್ಲೆಮ್ ಝಾಡೊ ಹರೆಯದಲ್ಲಿ ಕುರಿ ತುಪ್ಪಟ ಕತ್ತರಿಸುವವರ ತಂಡಗಳಿಗೆ ಅಡುಗೆಯವನಾಗಿ ಊರೂರು ಸುತ್ತಿದವನು. ಆ ತಂಡಗಳಲ್ಲಿ ಒಂದು ರೂಢಿಯಿತ್ತು: ಅಡುಗೆ ಚೆನ್ನಾಗಿಲ್ಲ ಎಂದು ಯಾರು ಬಾಯಿ ಬಿಡುತ್ತಾರೋ ನಾಳೆಯಿಂದ ಅವರೇ ಅಡುಗೆಯವರು. ಈಗ ಎಪ್ಪತ್ತೊಂದು ವರ್ಷದ ಕ್ಲೆಮ್ ಅದನ್ನೇ ಈ ತಂಡಕ್ಕೂ ತಂದಿದ್ದ. ವರ್ಷಕ್ಕೊಮ್ಮೆ ಜುಲೈನಲ್ಲಿ ಒಂದು ವಾರ ಬಂಡೆ ಹತ್ತಲು ಹೋಗುವ ಜಾಗವನ್ನು ಒಬ್ಬರು ಆರಿಸಬೇಕು. ಹೊರಡುವ ಬೆಳಿಗ್ಗೆಯವರೆಗೂ ಜಾಗದ ಹೆಸರು ಹೇಳಬಾರದು, ಉಳಿದವರು ಕೇಳಬಾರದು. ಹೋದ ಮೇಲೆ ಜಾಗ ಚೆನ್ನಾಗಿಲ್ಲ ಎಂದು ಯಾರು ಮೊದಲು ದೂರುತ್ತಾರೋ ಮುಂದಿನ ವರ್ಷ ಆರಿಸುವ ಪಾಳಿ ಅವರದು. ನಕ್ಷೆ ಹರಡಿಕೊಂಡು ವರ್ಷವಿಡೀ ತಲೆ ಕೆಡಿಸಿಕೊಳ್ಳುವ ಈ ಭಾಗ್ಯ ಯಾರಿಗೂ ಬೇಡವಾಗಿದ್ದರಿಂದ ನೋಲೀನ್ ಹನ್ನೊಂದು ವರ್ಷ ಸತತ ಆರಿಸಿದ್ದಳು. ಒಮ್ಮೆ ಸೊಳ್ಳೆಗಳ ಕೊಳ್ಳಕ್ಕೆ ಕರೆದೊಯ್ದಳು. "ಎಷ್ಟು ಜೀವಕಳೆ ಇದೆ" ಎಂದರು. ಒಮ್ಮೆ ಬಂಡೆಯೇ ಸಿಗಲಿಲ್ಲ. "ನಡಿಗೆ ಒಳ್ಳೇದು" ಎಂದರು. ನಲವತ್ತು ವರ್ಷ ದಾದಿಯಾಗಿದ್ದ ನೋಲೀನ್‌ಗೆ ಮನುಷ್ಯರ ಸಹನೆಯ ಬಗ್ಗೆ ತಿಳಿದದ್ದು ಆಸ್ಪತ್ರೆಯಲ್ಲಲ್ಲ, ಇಲ್ಲಿ.

ಕಳೆದ ವರ್ಷ ಹೊಸಬನಾಗಿ ಸೇರಿದವನು ಗ್ಯಾರೆತ್. ನಲವತ್ನಾಲ್ಕರ ಆಳು, ವೇಲ್ಸ್‌ನವನು. ಬಂಡೆ ಹತ್ತುವ ಸಾಮಾನಿನ ಅಂಗಡಿಯ ಗೋಡೆಯಲ್ಲಿ ಕ್ಲೆಮ್ ಅಂಟಿಸಿದ್ದ ಚೀಟಿ ನೋಡಿ ಬಂದಿದ್ದ: "ಹನ್ನೆರಡರೊಳಗೆ ಮಾತ್ರ. ಮಹತ್ವಾಕಾಂಕ್ಷೆ ಉಳ್ಳವರು ದಯವಿಟ್ಟು ಬೇಡ." ಅಡಿಲೇಡಿನ ಕಡೆ ಬಂಡೆಯ ಒಂದೊಂದು ದಾರಿಗೂ ಒಂದೊಂದು ನಂಬರು, ದಾರಿ ಕಷ್ಟವಾದಷ್ಟೂ ನಂಬರು ದೊಡ್ಡದು, ಮೂವತ್ತೈದರಾಚೆಗೂ ಹೋಗುತ್ತದೆ. ಈ ತಂಡಕ್ಕೆ ಹನ್ನೆರಡು ಸಾಕಾಗಿತ್ತು. ಹನ್ನೆರಡರ ಮೇಲಿನವರು ಬೇರೆ ಕುಲ. ಅವರು ಅಂಗಿ ಹಾಕುವುದಿಲ್ಲ, ಊಟ ಮಾಡುವುದಿಲ್ಲ ಎಂದು ಕ್ಲೆಮ್‌ನ ನಂಬಿಕೆ. ವಿಕ್ಟೋರಿಯಾದ ಪಶ್ಚಿಮ ಅಂಚಿನಲ್ಲಿ ಮೂರನೆಯ ದಿನವೂ ಮಳೆ ಹೊಯ್ಯುತ್ತಿದ್ದಾಗ, ಕಾನೂನು ಇನ್ನೂ ಕಿವಿಗೆ ಬೀಳದಿದ್ದ ಗ್ಯಾರೆತ್, "ಇಲ್ಲಿ ಸ್ವಲ್ಪ ಒದ್ದೆ ಜಾಸ್ತಿ ಅಲ್ವಾ?" ಎಂದ. ನೋಲೀನ್ ಎದ್ದು ಬಂದು ಅವನ ಎರಡೂ ಕೆನ್ನೆಗೆ ಮುತ್ತಿಟ್ಟು, ನಕ್ಷೆಗಳ ಪ್ಲಾಸ್ಟಿಕ್ ಚೀಲವನ್ನು ಅವನ ಮಡಿಲಲ್ಲಿ ಇಟ್ಟಳು.

ಅವನು ಆ ಚೀಲವನ್ನು ಗಂಭೀರವಾಗಿ ತೆಗೆದುಕೊಂಡ. ಹತ್ತು ತಿಂಗಳು ಕೂತು ಜುಲೈ ತಿಂಗಳ ಇಪ್ಪತ್ತು ವರ್ಷದ ಮಳೆ, ಗಾಳಿ, ಉಷ್ಣಾಂಶ, ಹನ್ನೆರಡರೊಳಗಿನ ದಾರಿಗಳ ಸಂಖ್ಯೆ ಎಲ್ಲವನ್ನೂ ಕೋಷ್ಟಕ ಮಾಡಿದ. ಕ್ವೀನ್ಸ್‌ಲ್ಯಾಂಡಿನಲ್ಲಿ ಚಳಿಗಾಲವೆಂದರೆ ಅಂಗಿ ಬಿಚ್ಚಿ ಹತ್ತುವ ಕಾಲ, ಆದರೆ ಎರಡೂವರೆ ದಿನದ ದಾರಿ. ಕ್ಲೆಮ್‌ನ ಸೊಂಟ ಬಾಳುವುದು ಒಂದು ದಿನ. ಸಿಡ್ನಿಯ ಮೇಲಿನ ನೀಲಿ ಬೆಟ್ಟಗಳಲ್ಲಿ ಸಾವಿರ ಮೀಟರ್ ಎತ್ತರದ ಕೊರೆಯುವ ಗಾಳಿ. ಕರಾವಳಿಯ ಬಂಡೆಗಳಲ್ಲಿ ಬಿಸಿಲಿದೆ, ಹನ್ನೆರಡರೊಳಗಿನವು ಮೂರೇ ಮೂರು. ಟಾಸ್ಮೇನಿಯಾವನ್ನು ಒಂದೇ ಗೆರೆ ಎಳೆದು ಹೊಡೆದುಹಾಕಿದ್ದ; ಟಿಪ್ಪಣಿ ಕೂಡ ಬರೆದಿರಲಿಲ್ಲ. ಉಳಿದದ್ದು ಒಣಹವೆಯ ಫ್ಲಿಂಡರ್ಸ್.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಐಲ್ಸಾ ಕರ್ಸ್‌ಲೇಕ್ ಅವನ ಮನೆಗೆ ಬಂದಳು. ಅರವತ್ತಾರು ವರ್ಷ, ಅದರಲ್ಲಿ ಇಪ್ಪತ್ತೆಂಟನ್ನು ಅಡಿಲೇಡಿನಿಂದ ಸಮುದ್ರದ ದಂಡೆಗೆ ಹೋಗುವ ಟ್ರಾಮ್ ಓಡಿಸುತ್ತ ಕಳೆದವಳು. ಬಾಗಿಲಲ್ಲೇ ನಿಂತು, "ನಾನೇನೂ ಕೇಳೋಕೆ ಬಂದಿಲ್ಲ. ಕೇಳೋದು ಕಾನೂನಿಗೆ ವಿರುದ್ಧ. ಸುಮ್ನೆ ಹೇಳೋಕೆ ಬಂದೆ," ಎಂದಳು.

"ಒಳಗೆ ಬಂದು ಹೇಳಿ."

"ಇಲ್ಲೇ ಸಾಕು. ನನ್ನ ಬೆರಳಿನ ವಿಷಯ ಗೊತ್ತಲ್ಲ ನಿನಗೆ?"

ಗೊತ್ತಿತ್ತು. ಚಳಿ ತಾಕಿದರೆ ಆಕೆಯ ಬೆರಳುಗಳು ಮೇಣದ ಬತ್ತಿಯಂತೆ ಬಿಳಿಚಿಕೊಂಡು ಮುಟ್ಟಿದ್ದು ತಿಳಿಯದಂತಾಗುತ್ತಿದ್ದವು. ವೈದ್ಯರು ಅದಕ್ಕೊಂದು ಹೆಸರು ಹೇಳಿ ಮಾತ್ರೆ ಕೊಟ್ಟಿದ್ದರು. ಮಾತ್ರೆಯಿಂದ ತಲೆನೋವು ಬಂತು, ಹೆಸರಿನಿಂದ ಏನೂ ಆಗಲಿಲ್ಲ.

"ಮೂರು ಚಳಿಗಾಲ ಆಯ್ತು ಗ್ಯಾರೆತ್, ನಾನು ಮುಂದೆ ಹತ್ತಿ. ಯಾರೋ ಮೊದಲು ಹತ್ತಿ ಮೇಲಿಂದ ಹಗ್ಗ ಬಿಡ್ತಾರೆ, ನಾನು ಬಾವಿಯಿಂದ ಬಕೆಟ್ ಬಂದ ಹಾಗೆ ಬರ್ತೀನಿ. ಈ ಸಲ ಒಂದನ್ನ, ಒಂದೇ ಒಂದನ್ನ, ನಾನು ಮುಂದೆ ಹತ್ಬೇಕು. ಆಮೇಲೆ ಸಾಮಾನೆಲ್ಲ ನಿಮ್ಮ ಮೂವರಿಗೆ ಹಂಚಿ ಮನೇಲಿ ಗಿಡಕ್ಕೆ ನೀರು ಹಾಕ್ಕೊಂಡಿರ್ತೀನಿ."

"ಆಗದೆ ಹೋದ್ರೆ?"

"ಆಗದೆ ಹೋದ್ರೂ ಹಂಚ್ತೀನಿ. ಎಷ್ಟು ವರ್ಷ ಅಂತ ಬಕೆಟ್ ಆಗಿರೋದು?" ಎಂದು ಛತ್ರಿ ಬಿಡಿಸಿಕೊಂಡು ಹೋದಳು.

ಆ ಸಂಜೆ ಗ್ಯಾರೆತ್ ಕೋಷ್ಟಕಕ್ಕೆ ಇನ್ನೊಂದು ಕಾಲಂ ಸೇರಿಸಿದ: ಬಿಸಿಲು. ಫ್ಲಿಂಡರ್ಸ್‌ನ ಒಂದು ಹಳೆಯ ಕುರಿ ಫಾರ್ಮಿನ ಜಮೀನಿನಲ್ಲಿ, ನೋಡಿದವರೇ ಕಡಿಮೆಯಾದ ಟಿನ್‌ಕಪ್ ಬಂಡೆ ಅವನಿಗೆ ಸಿಕ್ಕಿತು. ಅರವತ್ತು ಮೀಟರ್ ಎತ್ತರ, ಹನ್ನೆರಡರೊಳಗಿನ ದಾರಿ ಹದಿನೇಳು. ಅದರ ಮುಂದೆ ಅವನು ಬರೆದ: "ಪೂರ್ತಿ ದಕ್ಷಿಣಮುಖ." ಕೆಳಗೆ ಎರಡು ಗೆರೆ ಎಳೆದ.

ಭೂಮಿಯ ಆ ಅರ್ಧದಲ್ಲಿ ಸೂರ್ಯ ಉತ್ತರದ ಕಡೆಯಿಂದ ನಡೆಯುತ್ತಾನೆ ಎನ್ನುವುದು ಗ್ಯಾರೆತ್‌ಗೆ ಗೊತ್ತಿಲ್ಲದ್ದೇನಲ್ಲ. ಯಾರಾದರೂ ಕೇಳಿದ್ದರೆ ಚಿತ್ರ ಬರೆದು ತೋರಿಸುತ್ತಿದ್ದ. ಆದರೆ ಯಾರೂ ಕೇಳಲಿಲ್ಲ, ಕೇಳುವಂತಿರಲಿಲ್ಲ. ವೇಲ್ಸ್‌ನಲ್ಲಿ, ಬಿಸಿಲು ದಕ್ಷಿಣದಿಂದ ಬರುವ ಇನ್ನೊಂದು ಅರ್ಧದಲ್ಲಿ, ಅವನ ಅಮ್ಮ ಬಟ್ಟೆ ಒಣಗಿಸುತ್ತಿದ್ದದ್ದು ಮನೆಯ ದಕ್ಷಿಣಕ್ಕೆ, ಅಪ್ಪ ಟೊಮ್ಯಾಟೊ ಹಾಕುತ್ತಿದ್ದದ್ದು ದಕ್ಷಿಣದ ಗೋಡೆಗೆ, ಅವನು ಮೊದಲು ಹತ್ತಿದ ಬೆಚ್ಚನೆಯ ಬಂಡೆಯೂ ದಕ್ಷಿಣದ್ದೇ. ತಿಳಿವಳಿಕೆ ತಲೆಯಲ್ಲಿರುತ್ತದೆ, ಆಯ್ಕೆ ಅದಕ್ಕಿಂತ ಸ್ವಲ್ಪ ಕೆಳಗಿನಿಂದ ಬರುತ್ತದೆ.

ಹಿಂದಿನ ದಿನ ಕತ್ತಲಾಗುವ ಹೊತ್ತಿಗೆ ಬಂದು ಇಳಿದಿದ್ದರು. ಬೆಳಿಗ್ಗೆ ಎದ್ದ ಕೂಡಲೇ ಕ್ಲೆಮ್ ಬಂಡೆ ನೋಡಿದ, ಬಯಲು ನೋಡಿದ, ನೋಲೀನ್‌ಳ ಮುಖ ನೋಡಿದ. ನೋಲೀನ್ ಐಲ್ಸಾಳನ್ನು ನೋಡಿದಳು. ಬಂಡೆ ತಪ್ಪು ದಿಕ್ಕಿಗಿದೆ ಎಂದು ತಿಳಿಸುವುದೂ ದೂರೇ ಆದ್ದರಿಂದ ಮೂವರೂ ಚಹಾ ಕುಡಿದರು.

ಹನ್ನೊಂದಕ್ಕೆ ಐಲ್ಸಾ ಎದ್ದಳು. "ಕೂತ್ರೆ ಬೇರು ಬಿಡ್ತೀವಿ. ಆ ಒಂಬತ್ತರ ದಾರಿನ ನೋಡ್ತೀನಿ. ಕ್ಲೆಮ್, ಹಗ್ಗ ಹಿಡೀತೀಯಾ?"

"ಹನ್ನೆರಡಕ್ಕೆ ಬಿಸಿಲು ಬುಡಕ್ಕೆ ಬರತ್ತೆ," ಎಂದ ಗ್ಯಾರೆತ್. "ಒಂದು ಗಂಟೆ ಕಾಯಬಹುದಲ್ವಾ?"

"ಅದು ಬರೋವಾಗ ಬರ್ಲಿ," ಎಂದಳು, ಅವನ ಮುಖ ನೋಡದೆ.

ಮುಂದೆ ಹತ್ತುವವರಿಗೆ ಮೇಲಿನಿಂದ ಹಗ್ಗ ಇರುವುದಿಲ್ಲ. ತಾವೇ ಹಗ್ಗದ ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು, ಬಿರುಕು ಸಿಕ್ಕಲ್ಲೆಲ್ಲ ಲೋಹದ ಬೆಣೆ ಸಿಕ್ಕಿಸಿ, ಅದಕ್ಕೆ ಹಗ್ಗ ತೊಡಿಸುತ್ತ ಹೋಗಬೇಕು. ಬಿದ್ದರೆ ಕೊನೆಯ ಬೆಣೆಯವರೆಗೂ, ಅಲ್ಲಿಂದ ಕೆಳಗೆ ಮತ್ತೆ ಅಷ್ಟೇ ದೂರವೂ. ಐಲ್ಸಾ ಎರಡು ಬೆಣೆ ಸಿಕ್ಕಿಸಿದಳು. ಮೂರನೆಯದನ್ನು ಸೊಂಟದಿಂದ ಬಿಡಿಸುವಾಗ ಅದು ಕೈಯಿಂದ ಜಾರಿ, ಬಂಡೆಗೆ ಟಣ್ ಟಣ್ ಎಂದು ಬಡಿಯುತ್ತ ಬಂದು ಕ್ಲೆಮ್‌ನ ಕಾಲ ಬಳಿ ಬಿತ್ತು. ಆಕೆ ಅದನ್ನು ಬಿಟ್ಟದ್ದಲ್ಲ. ಕೈಯಲ್ಲಿ ಅದು ಇಲ್ಲ ಎಂದು ಆಕೆಗೆ ತಿಳಿದದ್ದೇ ಸದ್ದು ಕೇಳಿ.

ಏಳು ಮೀಟರ್ ಮೇಲೆ ಆಕೆ ನಿಂತೇ ಇದ್ದಳು. ಇಳಿಸಿ ಎಂದು ಹೇಳಿ ಹಗ್ಗದಲ್ಲಿ ಜೋತು ಬೀಳಬಹುದಿತ್ತು, ಹಾಗೆ ಮಾಡಲಿಲ್ಲ. ಹತ್ತಿದ ಹಾಗೆಯೇ ಇಳಿಯತೊಡಗಿದಳು. ಬೆರಳನ್ನು ನಂಬುವಂತಿಲ್ಲದ್ದರಿಂದ ಬಿರುಕಿನಲ್ಲಿ ಮುಂಗೈ ತುರುಕಿ, ಮೊಣಕೈ ಒತ್ತಿ, ಪ್ರತಿ ಹೆಜ್ಜೆಗೂ ಪಾದ ಇಡುವ ಜಾಗವನ್ನು ಮೊದಲು ನೋಡಿ, ಆಮೇಲೆ ಇಟ್ಟು, ಒಂದೊಂದೇ ಬೆಣೆಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಡಿಸಿಕೊಂಡು ಬಂದಳು. ಹತ್ತುವುದನ್ನು ಯಾರಾದರೂ ಚೆನ್ನಾಗಿ ಮಾಡಬಹುದು. ಇಪ್ಪತ್ತೆಂಟು ವರ್ಷ ನಿಲ್ದಾಣಕ್ಕೆ ಸರಿಯಾಗಿ ಟ್ರಾಮ್ ನಿಲ್ಲಿಸಿದವಳಂತೆ ಇಳಿಯುವುದನ್ನು ಕ್ಲೆಮ್ ಆವತ್ತಿನವರೆಗೆ ನೋಡಿರಲಿಲ್ಲ. ನೋಡುತ್ತ ಕುಡಿಯಲು ಮರೆತ ಚಹಾ ಅವನ ಕಾಲ ಬಳಿಯ ತಗಡಿನ ಲೋಟದಲ್ಲಿ ಆರಿಹೋಗಿತ್ತು.

ನೆಲ ಮುಟ್ಟಿ, "ಒಳ್ಳೆ ಬಂಡೆ," ಎಂದಳು. "ಒರಟು ಹದವಾಗಿದೆ." ಬೆರಳುಗಳು ಉಗುರಿನಿಂದ ಎರಡನೆಯ ಗಿಣ್ಣಿನವರೆಗೂ ಸುಣ್ಣ ಬಳಿದ ಹಾಗಿದ್ದವು. ನೋಲೀನ್ ಆ ಕೈಗಳನ್ನು ಎಳೆದು ತನ್ನ ಸ್ವೆಟರಿನ ಒಳಗೆ, ಹೊಟ್ಟೆಯ ಮೇಲೆ ಇಟ್ಟುಕೊಂಡಳು.

"ಅಯ್ಯೋ ಪುಣ್ಯಾತ್ಗಿತ್ತಿ. ಹೆಣದ ಕೈ ಇದ್ದ ಹಾಗಿದೆ ಕಣೇ."

"ನಿನ್ನ ಹೊಟ್ಟೆ ಬೆಚ್ಚಗಿದೆ. ಜಾಗವೂ ಸಾಕಷ್ಟಿದೆ."

"ಹೊಟ್ಟೆ ಬಗ್ಗೆ ದೂರಿದ್ರೆ ಅದಕ್ಕೆ ಬೇರೆ ಕಾನೂನಿದೆ," ಎಂದಳು ನೋಲೀನ್.

ಗ್ಯಾರೆತ್ ಅಲ್ಲಿರಲಿಲ್ಲ. ಬಯಲಿನಲ್ಲಿ ಕಲ್ಲು ಇಡಲು ಹೋಗಿದ್ದ. ಹನ್ನೆರಡಕ್ಕೆ ಒಂದು ಇಟ್ಟ. ಬುಡಕ್ಕೆ ಇನ್ನೂ ತೊಂಬತ್ತು ಹೆಜ್ಜೆ ಬಾಕಿ. ಹನ್ನೆರಡೂವರೆಗೆ ಇನ್ನೊಂದನ್ನು ಇಡಲು ಬಗ್ಗಿದರೆ ಅದು ಹಿಂದಿನ ಕಲ್ಲಿನ ಪಕ್ಕದಲ್ಲೇ ಬಿತ್ತು. ಒಂದಕ್ಕೆ ನೋಡಿದರೆ ಎರಡೂ ಕಲ್ಲುಗಳು ನೆರಳಿನಲ್ಲಿದ್ದವು. ಬಿಸಿಲು ಬಂದಷ್ಟು ಬಂದು, ಬಾಗಿಲಲ್ಲಿ ಒಮ್ಮೆ ಇಣುಕಿದ ನೆಂಟನ ಹಾಗೆ, ತಿರುಗಿ ಹೊರಟಿತ್ತು. ಗ್ಯಾರೆತ್ ಜೇಬಿನಿಂದ ದಿಕ್ಸೂಚಿ ತೆಗೆದು ನೋಡಿದ. ಮತ್ತೆ ಬಂಡೆ ನೋಡಿದ. ಕಾಂಗರೂಗಳು ಎದ್ದು ಬಿಸಿಲಿನ ಜೊತೆ ಸ್ವಲ್ಪ ಆಚೆ ಹೋಗಿ ಮತ್ತೆ ಮಲಗಿದವು.

ವಾಪಸು ಬಂದವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ. "ನಿಮಗೆಲ್ಲ ಗೊತ್ತಿತ್ತು," ಎಂದ.

"ಏನು ಗೊತ್ತಿತ್ತು?" ಎಂದ ಕ್ಲೆಮ್.

"ಇಲ್ಲಿ ಬಿಸಿಲು ಬರಲ್ಲ. ಇವತ್ತಲ್ಲ, ನಾಳೆಯಲ್ಲ, ಅಕ್ಟೋಬರ್ ತನಕ ಬರಲ್ಲ. ನಾನು ದಿಕ್ಕು ತಲೆಕೆಳಗು ಮಾಡಿ ಆರಿಸಿದೀನಿ. ಹದಿನೇಳು ವರ್ಷ ಆಯ್ತು ಈ ದೇಶಕ್ಕೆ ಬಂದು. ಇದು ಕೆಟ್ಟ ಜಾಗ. ದೂರ್ತಾ ಇದೀನಿ. ಬರ್ಕೊಳ್ಳಿ."

"ಅದು ನಡೆಯಲ್ಲ," ಎಂದ ಕ್ಲೆಮ್. "ಆರಿಸಿದವನ ದೂರು ಲೆಕ್ಕಕ್ಕಿಲ್ಲ. ಅಡುಗೆಯವನು ತನ್ನ ಅಡುಗೆ ತಾನೇ ಬೈದ್ರೆ ಅದು ದೂರಲ್ಲ ತಮ್ಮಾ, ವಿನಯ."

"ನಮಗೇನೋ ಇಷ್ಟ ಆಗಿದೆ ಜಾಗ," ಎಂದಳು ನೋಲೀನ್. "ಹಾಲು ಕೆಡಲ್ಲ."

ಗ್ಯಾರೆತ್ ಐಲ್ಸಾಳ ಕಡೆ ನೋಡಿದ. ಆಕೆಯ ಕೈಗಳು ಇನ್ನೂ ನೋಲೀನ್‌ಳ ಸ್ವೆಟರಿನೊಳಗೇ ಇದ್ದವು. "ಊಟ ಮಾಡು ಗ್ಯಾರೆತ್," ಎಂದಳು ಆಕೆ. "ಬೆಳಿಗ್ಗೆಯಿಂದ ಕಲ್ಲು ಹೊತ್ತಿದೀಯ."

ಅವನು ಊಟ ಮಾಡಲಿಲ್ಲ. ಒಂದು ತುಂಡು ಹಣ್ಣಿನ ಕೇಕು ಜೇಬಿಗೆ ಹಾಕಿಕೊಂಡು, ಬಂಡೆಯ ಪೂರ್ವದ ಅಂಚು ಹಿಡಿದು, ಪೈನ್ ಮರಗಳ ನಡುವೆ ಏರುತ್ತ ಕಾಣದಾದ. ಇದು ಕ್ಷಮಾಪಣೆಯ ನಡಿಗೆ, ಮೂರು ಕಿಲೋಮೀಟರ್ ಆಗಬಹುದು ಎಂದು ಕ್ಲೆಮ್ ಅಂದಾಜು ಮಾಡಿದ. ನಾಲ್ಕೂವರೆಗೆ ಬಂದವನ ಮೊಣಕಾಲು ತರಚಿತ್ತು, ಮೂಗಿನ ತುದಿ ಕೆಂಪಾಗಿತ್ತು. ಚಳಿಗೆ ಕೆಂಪಾದದ್ದಲ್ಲ ಎಂದು ನೋಲೀನ್‌ಗೆ ನೋಡಿದ ತಕ್ಷಣ ತಿಳಿಯಿತು. ಬಿಸಿಲಿಗೆ ಸುಟ್ಟ ಚರ್ಮ ದಾದಿಯ ಕಣ್ಣಿಗೆ ತಪ್ಪುವುದಿಲ್ಲ.

"ಹಿಂದುಗಡೆ ಒಂದಿದೆ," ಎಂದ ಗ್ಯಾರೆತ್, ಐಲ್ಸಾಳಿಗೆ ಮಾತ್ರ ಎಂಬಂತೆ. "ದಾರಿಗಳ ಪುಸ್ತಕದಲ್ಲಿಲ್ಲ. ಪುಟ್ಟದು. ಇಪ್ಪತ್ತೈದು ಮೀಟರ್ ಇರಬಹುದು. ಉತ್ತರಕ್ಕಿದೆ. ನಾನು ಮೂರು ಸಲ ದಿಕ್ಸೂಚಿ ನೋಡ್ದೆ."

"ನಂಬರು?"

"ಯಾರೂ ಹತ್ತಿದ ಗುರುತಿಲ್ಲ. ನಂಬರು ಇಲ್ಲ. ಎಂಟೂ ಆಗಿರಬಹುದು, ಹದಿನೆಂಟೂ ಆಗಿರಬಹುದು. ನನ್ನ ಅಂದಾಜು ನಂಬಬೇಡಿ. ನನ್ನ ಅಂದಾಜು ಹೇಗಿರತ್ತೆ ಅಂತ ನೋಡಿದೀರಲ್ಲ."

ಐಲ್ಸಾ ಆ ಸಂಜೆ ಟೆಂಟಿನ ಮುಂದೆ ಕೂತು ಬೆಣೆಗಳನ್ನು ಒಂದೊಂದಾಗಿ ಒರೆಸಿ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಪಟ್ಟಿಗೆ ತೂಗು ಹಾಕಿದಳು.

ಮರುದಿನ ಹತ್ತೂವರೆಗೆ ನಾಲ್ವರೂ ಬಂಡೆಯ ಬೆನ್ನ ಕಡೆಗೆ ಬಂದಾಗ ಮೊದಲು ಕೋಟು ಬಿಚ್ಚಿದವನು ಕ್ಲೆಮ್. ಕಿತ್ತಳೆ ಬಣ್ಣದ ಕಲ್ಲಿನ ಒಂದು ಏಣು, ಒರಗಿಸಿಟ್ಟ ದೋಣಿಯ ಹಾಗೆ, ಆಕಾಶಕ್ಕೆ ಮೂತಿ ಮಾಡಿ ನಿಂತಿತ್ತು. ಬೆಳಗಿನಿಂದ ಬಿಸಿಲು ಕುಡಿದು ಕಲ್ಲೆಲ್ಲ ಬೆಚ್ಚಗಾಗಿತ್ತು. ಬುಡದಲ್ಲಿ ಒಂದು ದಪ್ಪ ಬಾಲದ ಹಲ್ಲಿ, ಆ ಕಡೆಯವರು ನಿದ್ದೆಹಲ್ಲಿ ಎನ್ನುವ ಜಾತಿಯದು, ಇವರನ್ನು ಕಂಡು ನೀಲಿ ನಾಲಿಗೆ ಚಾಚಿ, ಅಷ್ಟು ಸಾಕೆಂದು ಮತ್ತೆ ಕಣ್ಣು ಮುಚ್ಚಿತು. ಐಲ್ಸಾ ಎರಡೂ ಅಂಗೈಗಳನ್ನು ಬಂಡೆಗೆ ಒತ್ತಿ, ರೊಟ್ಟಿ ಬೇಯಿಸಿ ಇಳಿಸಿದ ಹಂಚನ್ನು ಮುಟ್ಟಿ ನೋಡುವವರ ಹಾಗೆ, ಸ್ವಲ್ಪ ಹೊತ್ತು ನಿಂತಳು.

"ಮಂತ್ರ ಹೇಳ್ತಾ ಇದೀಯಾ?" ಎಂದ ಕ್ಲೆಮ್.

"ನಿನ್ನ ಹಗ್ಗ ನೀನು ನೋಡ್ಕೋ."

ಮೊದಲ ಹತ್ತು ಮೀಟರ್ ಮೆಟ್ಟಿಲು ಹತ್ತಿದ ಹಾಗೆ ಹೋದಳು. ಮೂರು ಬೆಣೆ ಸಿಕ್ಕಿಸಿದಳು. ಒಂದೊಂದನ್ನೂ ಎಳೆದು, ಕಿವಿಗೊಟ್ಟು, ತಲೆಯಾಡಿಸಿ ಮುಂದುವರಿದಳು. ಹದಿನೈದಕ್ಕೆ ಬಿರುಕು ಮುಗಿಯಿತು. ಅಲ್ಲಿಂದ ಮೇಲೆ ಆಳೆತ್ತರದ ನುಣುಪು ಹಾಸು. ಬೆಣೆಗೆ ಜಾಗವಿಲ್ಲ, ಹಿಡಿಯಲು ಹೇಳಿಕೊಳ್ಳುವಂಥದ್ದಿಲ್ಲ, ಆಚೆಗೆ ಕೈ ಹಿಡಿಯುವಂಥ ಕಲ್ಲಿನ ಒಂದು ದಡಿ ಮಾತ್ರ ಕಾಣುತ್ತಿತ್ತು. ಆಕೆ ಅಲ್ಲಿ ನಿಂತಳು. ಈ ಜಾಗವನ್ನೂ ಆರಿಸಿದವನು ತಾನೇ ಎಂದು ಗ್ಯಾರೆತ್‌ಗೆ ಆಗ ಹೊಳೆಯಿತು.

ಐಲ್ಸಾ ಬಲಗೈ ತೆಗೆದು ಬೆರಳುಗಳನ್ನು ಕಣ್ಣೆದುರು ಹಿಡಿದು ನೋಡಿಕೊಂಡಳು. ಕೆಳಗಿನಿಂದಲೂ ಕಾಣುತ್ತಿತ್ತು: ಅವು ಎಲ್ಲರ ಬೆರಳಿನ ಬಣ್ಣಕ್ಕೇ ಇದ್ದವು. ಆ ಕೈಯನ್ನು ನುಣುಪು ಕಲ್ಲಿನ ಮೇಲೆ ಚಪ್ಪಟೆಯಾಗಿ ಇಟ್ಟಳು. ಎಡಪಾದ ಎತ್ತಿ, ಇತರರಿಗೆ ಏನೂ ಕಾಣದ ಒಂದು ಕಡೆ ಊರಿ, ಅದರ ಮೇಲೆ ಮೈಭಾರವನ್ನು ಎಷ್ಟು ನಿಧಾನವಾಗಿ ಒಪ್ಪಿಸಿದಳೆಂದರೆ ಆಕೆ ಎದ್ದು ನಿಂತದ್ದು ಯಾವಾಗ ಎಂದು ಆಮೇಲೆ ಮೂವರಲ್ಲೂ ಒಮ್ಮತವಿರಲಿಲ್ಲ. ದಡಿಗೆ ಕೈ ಸಿಕ್ಕಿತು. ನೋಲೀನ್ ಮೂಗು ಒರೆಸಿಕೊಂಡು, "ಈ ಪೈನ್ ಮರದ ಧೂಳು," ಎಂದಳು. ಜುಲೈನಲ್ಲಿ ಆ ಮರಗಳು ಪರಾಗದ ಧೂಳು ಉದುರಿಸುವುದಿಲ್ಲ, ಯಾರೂ ತಿದ್ದಲಿಲ್ಲ.

ತುದಿಯಲ್ಲಿ ಆಕೆ ಕೂತು ಒಬ್ಬೊಬ್ಬರನ್ನೇ ಹಗ್ಗ ಎಳೆದುಕೊಳ್ಳುತ್ತ ಮೇಲೆ ಕರೆದುಕೊಂಡಳು. ಕ್ಲೆಮ್ ನುಣುಪು ಹಾಸಿನಲ್ಲಿ ದೇವರ ಹೆಸರನ್ನು ಎರಡು ಭಾಷೆಯಲ್ಲಿ ಹೇಳಿದ. ನೋಲೀನ್ ಮೊಣಕಾಲು ಬಳಸಿದಳು. ಗ್ಯಾರೆತ್ ಒಮ್ಮೆ ಜಾರಿ, ಹಗ್ಗದಲ್ಲಿ ತೂಗಾಡಿ, ಮತ್ತೆ ಹತ್ತಿ ಬಂದ.

"ಬಾ ಬಕೆಟ್ಟೇ," ಎಂದಳು ಐಲ್ಸಾ.

"ಎಷ್ಟು ಕೊಡ್ತೀರಿ ಇದಕ್ಕೆ?" ಎಂದ ಅವನು ಏದುಸಿರು ಬಿಡುತ್ತ. ಹೊಸ ದಾರಿಯ ನಂಬರನ್ನು ಮೊದಲು ಹತ್ತಿದವರೇ ಹೇಳಬೇಕು.

"ಒಂಬತ್ತು."

"ಹದಿನಾಲ್ಕಾದ್ರೂ ಇದೆ. ನಾನು ಬಿದ್ದೆ!"

"ನೀನು ಬಿದ್ದೆ ಅಂತ ಕಲ್ಲಿಗೆ ಶಿಕ್ಷೆನಾ? ಹದಿನಾಲ್ಕು ಆಗಿದ್ರೆ ನಾನು ಹತ್ತೋಕಾಗ್ತಿರ್ಲಿಲ್ಲ. ಹತ್ತಿದೀನಿ. ಒಂಬತ್ತು."

ಕ್ಲೆಮ್ ಒಪ್ಪಿದ. ತಂಡದ ಘನತೆಯ ಪ್ರಶ್ನೆ; ಹನ್ನೆರಡರ ಮೇಲೆ ಹತ್ತಿದ್ದಾಳೆ ಎಂದಾದರೆ ಆಕೆಯನ್ನು ತಂಡದಿಂದ ತೆಗೆಯಬೇಕಾಗುತ್ತಿತ್ತು.

ಉಳಿದ ನಾಲ್ಕು ದಿನವೂ ಬಿಸಿಲಿನ ಬೆನ್ನಿನಲ್ಲೇ ಕಳೆದರು. ಟೆಂಟುಗಳನ್ನು ಮಾತ್ರ ಮುಂಭಾಗದ ನೆರಳಿನಲ್ಲೇ ಬಿಟ್ಟರು. ಎತ್ತಿ ಬೇರೆ ಕಡೆ ಹಾಕುವುದು ಮಾತಿಲ್ಲದೆ ದೂರಿದ ಹಾಗೆ ಎಂದು ಕ್ಲೆಮ್ ತೀರ್ಪು ಕೊಟ್ಟಿದ್ದ. ಹಾಗಾಗಿ ಪ್ರತಿ ಬೆಳಿಗ್ಗೆಯೂ ಮಂಜುಗಡ್ಡೆ ಒಡೆದು ಮುಖ ತೊಳೆದುಕೊಂಡು, ಎಂಥ ಹಿತವಾದ ಹವೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ಕೊನೆಯ ಸಂಜೆ ಐಲ್ಸಾ ಬೆಂಕಿಯ ಪಕ್ಕ ಕಂಬಳಿ ಹಾಸಿ ತನ್ನ ಸಾಮಾನು ಹರಡಿದಳು. ಹಗ್ಗ, ಹೆಲ್ಮೆಟ್, ಮೂವತ್ತು ವರ್ಷದಲ್ಲಿ ಒಂದೊಂದಾಗಿ ಕೂಡಿಸಿದ ಬೆಣೆಗಳು. ಕೆಲವಕ್ಕೆ ಬಣ್ಣದ ಟೇಪು ಸುತ್ತಿತ್ತು, ಕೆಲವು ಬಡಿಸಿಕೊಂಡು ಮೂಲೆ ಸವೆದಿದ್ದವು. "ತಗೊಳ್ಳಿ," ಎಂದಳು. "ಹೇಳಿದ್ನಲ್ಲ ಗ್ಯಾರೆತ್‌ಗೆ. ದೊಡ್ಡವು ಕ್ಲೆಮ್‌ಗೆ, ಅವನ ಕಣ್ಣಿಗೆ ಚಿಕ್ಕವು ಕಾಣಲ್ಲ."

ಯಾರೂ ಬಗ್ಗಲಿಲ್ಲ. ನೋಲೀನ್ ತುಂಬ ಗಮನವಿಟ್ಟು ಬೆಂಕಿಗೆ ಕಡ್ಡಿ ಹಾಕಿದಳು. ಗ್ಯಾರೆತ್ ಒಂದು ಚಿಕ್ಕ ಬೆಣೆಯನ್ನು ಎತ್ತಿ, ತೂಕ ನೋಡಿದವನ ಹಾಗೆ ಮಾಡಿ, ಇದ್ದಲ್ಲೇ ಇಟ್ಟ.

"ಸೂಪು ಆರತ್ತೆ, ಮೊದಲು ತಿನ್ನಿ," ಎಂದ ಕ್ಲೆಮ್, ಕುರಿಮಾಂಸ, ಬಾರ್ಲಿ ಹಾಕಿದ ಸೂಪನ್ನು ಲೋಟಗಳಿಗೆ ಬಡಿಸುತ್ತ.

ಐಲ್ಸಾ ಲೋಟವನ್ನು ಎರಡೂ ಅಂಗೈಗಳ ನಡುವೆ ಹಿಡಿದುಕೊಂಡಳು. ಬಂಡೆಯ ಮೋರೆ ಕಪ್ಪಾಗುತ್ತಿತ್ತು. ಅದರ ನೆತ್ತಿಯ ಅಂಚಿನಲ್ಲಿ ಹಿಂದುಗಡೆಯ ಬಿಸಿಲು ಇನ್ನೂ ಒಂದು ಎಳೆಯಷ್ಟು ಉಳಿದಿತ್ತು. ಆಕೆ ಅದು ಆರುವವರೆಗೂ ನೋಡಿದಳು. ಒಂದು ಗುಟುಕು ಕುಡಿದು, ಹವೆಯ ಬಗ್ಗೆ ಹೇಳುವ ಹಾಗೆ ಹೇಳಿದಳು:

"ಈ ಜಾಗದಲ್ಲಿ ಚಳಿ ಜಾಸ್ತಿ ಕಣ್ರೋ."

ಕ್ಲೆಮ್‌ನ ಸೌಟು ಪಾತ್ರೆಯ ಮೇಲೆ ನಿಂತಿತು.

"ಏನಂದೆ?"

"ಚಳಿ ಜಾಸ್ತಿ. ಬಂಡೆ ತಪ್ಪು ದಿಕ್ಕಿಗಿದೆ. ಟೆಂಟು ಹಾಕೋ ಜಾಗವೂ ಅಲ್ಲ ಇದು."

"ಸರಿಯಾಗಿ ಯೋಚನೆ ಮಾಡಿ ಹೇಳ್ತಾ ಇದೀಯಾ? ಸಾಕ್ಷಿಗಳಿದಾರೆ."

"ಸೂಪಿಗೆ ಉಪ್ಪೂ ಕಡಿ..."

"ಸೂಪಿನ ಸುದ್ದಿ ಬೇಡ ಮಾರಾಯ್ತಿ, ಅಡುಗೆನೂ ನಿನ್ನ ಕೊರಳಿಗೇ ಬೀಳತ್ತೆ," ಎಂದಳು ನೋಲೀನ್ ಅವಸರವಾಗಿ.

ಸೌಟು ಮತ್ತೆ ಚಲಿಸಿತು. ಕ್ಲೆಮ್ ತನ್ನ ಲೋಟ ತುಂಬಿಕೊಂಡು ಕೂತ. ಗ್ಯಾರೆತ್ ಎದ್ದು ಟೆಂಟಿಗೆ ಹೋದ. ಒಳಗೆ ಏನನ್ನೋ ಹುಡುಕುವ ಸದ್ದು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಕೇಳಿಸಿತು. ಹೊರಗೆ ಬಂದು, ನಕ್ಷೆಗಳ ಪ್ಲಾಸ್ಟಿಕ್ ಚೀಲವನ್ನು ಐಲ್ಸಾಳ ಮಡಿಲಲ್ಲಿ ಇಟ್ಟು, ಅದರ ಮೇಲೆ ದಿಕ್ಸೂಚಿಯನ್ನೂ ಇಟ್ಟ.

"ಇದು ನನಗೆ ಬೇಡ," ಎಂದು ಆಕೆ ದಿಕ್ಸೂಚಿಯನ್ನು ಅವನಿಗೇ ಕೊಟ್ಟಳು. "ನಿನಗೇ ಬೇಕಾಗತ್ತೆ."

ಆಮೇಲೆ ಕನ್ನಡಕ ಹಾಕಿಕೊಂಡು, ಬೆಂಕಿಯ ಬೆಳಕಿಗೆ ತಿರುಗಿ, ಮೊದಲ ನಕ್ಷೆಯನ್ನು ಮೊಣಕಾಲ ಮೇಲೆ ಬಿಡಿಸಿದಳು. ಬಯಲಿನಿಂದ ಬಂದ ಗಾಳಿಗೆ ಅದರ ತುದಿ ಪಟಪಟ ಎನ್ನತೊಡಗಿತು. ಆಕೆ ತಲೆಯೆತ್ತದೆ ಕಂಬಳಿಯ ಮೇಲೆ ಕೈಯಾಡಿಸಿ, ಹಳದಿ ಟೇಪಿನ ಒಂದು ಬೆಣೆ ಎತ್ತಿಕೊಂಡು ನಕ್ಷೆಯ ಮೂಲೆಗೆ ಇಟ್ಟಳು. ಇನ್ನೊಂದನ್ನು ಎತ್ತಿ ಎದುರು ಮೂಲೆಗೆ.